ಫೋನಿನಲ್ಲಿ ಅರ್ಥವಾದ ಕೆಮಿಸ್ಟ್ರಿ ಪರೀಕ್ಷೆಯಲ್ಲಿ ಯಾಕೆ ಕೈಕೊಡುತ್ತದೆ?

ಪ್ರಶ್ನೆ: "ಸರ್, ನಮಸ್ಕಾರ. ಚಿತ್ರದುರ್ಗ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ನನ್ನದೊಂದು ಗೊಬ್ಬರದ ಅಂಗಡಿ ಇದೆ. ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದುತ್ತಿದ್ದಾಳೆ. ಶಾಲೆಯಲ್ಲಿ ಲ್ಯಾಬ್ ಅಂತ ಒಂದು ಬೀರು ಇದೆ, ಬೀಗ ತೆಗೆಯೋದೇ ಅಪರೂಪ. ಹಾಗಾಗಿ ಅವಳು ಕೆಮಿಸ್ಟ್ರಿಯನ್ನು ನನ್ನ ಫೋನಿನಲ್ಲೇ ಕಲಿಯುತ್ತಾಳೆ. ಫೆಟ್ ಅಂತೆ, ಅದರಲ್ಲಿ ಪರಮಾಣು ಜೋಡಿಸುತ್ತಾಳೆ, ಸಮೀಕರಣ ಸರಿದೂಗಿಸುವ ಆಟ ಆಡಿ ಪೂರ್ತಿ ಸ್ಟಾರ್ ತಗೋತಾಳೆ. ಆನ್‌ಲೈನ್ ಲ್ಯಾಬಿನಲ್ಲಿ ಪ್ರಯೋಗವನ್ನೂ ಮಾಡುತ್ತಾಳೆ. ಕೇಳಿದರೆ ನನಗೂ ತಿಳಿಯುವ ಹಾಗೆ ಬಿಡಿಸಿ ಹೇಳುತ್ತಾಳೆ. ಆದರೆ ಮೊನ್ನೆ ಟೆಸ್ಟಿನಲ್ಲಿ 25ಕ್ಕೆ 11 ಬಂತು. ಟ್ಯೂಷನ್ ಮೇಷ್ಟ್ರು 'ಮೊದಲು ಆ ಗೇಮ್ ಬಿಡಿಸಿ, ಗೈಡ್ ಕೊಡಿಸಿ' ಅಂದರು. ನನ್ನ ಭಾವಮೈದ 'ಅವಳು ನೋಡಿ ಕಲಿಯೋ ಹುಡುಗಿ, ದುಡ್ಡು ಕೊಟ್ಟು ಒಳ್ಳೆ ಆ್ಯಪ್ ಹಾಕಿಸಿ' ಅಂತಾನೆ. ಆ್ಯಪ್‌ನವರು ಕಂತಿನಲ್ಲಿ ಕಟ್ಟಬಹುದು ಅಂತ ದಿನಾ ಫೋನ್ ಮಾಡುತ್ತಿದ್ದಾರೆ. ಮುಂದೆ ಪಿಯುಸಿ ಸೈನ್ಸ್ ತಗೋಬೇಕು ಅಂತ ಅವಳಿಗೆ ಆಸೆ. ಫೋನಿನಲ್ಲಿ ಆಗುತ್ತಿರೋದು ಕಲಿಕೆಯಾ, ಆಟವಾ? ಲ್ಯಾಬ್ ಇಲ್ಲದ ಕೊರತೆಯನ್ನು ಅದು ತುಂಬುತ್ತದಾ? ನನಗೆ ಕೆಮಿಸ್ಟ್ರಿ ಗೊತ್ತಿಲ್ಲ, ನಾನೇನು ಮಾಡಬಹುದು?"

ಉತ್ತರ:

ನಮಸ್ಕಾರ. ಸದ್ಯಕ್ಕೆ ಫೋನ್ ಕಿತ್ತುಕೊಳ್ಳಬೇಡಿ, ಆ್ಯಪಿಗೆ ದುಡ್ಡೂ ಕಟ್ಟಬೇಡಿ. ಎರಡರಲ್ಲಿ ಯಾವುದನ್ನೇ ಮಾಡುವ ಮುಂಚೆ ಆ 11 ಅಂಕದ ಪೇಪರನ್ನು ಮನೆಗೆ ತರಿಸಿ, ಉಳಿದ 14 ಅಂಕ ಎಲ್ಲೆಲ್ಲಿ ಹೋಗಿದೆ ಅಂತ ಅವಳ ಜೊತೆ ಕೂತು ನೋಡಿ. ಇದಕ್ಕೆ ಕೆಮಿಸ್ಟ್ರಿ ಗೊತ್ತಿರಬೇಕಾಗಿಲ್ಲ. ಪಿಯು ಕಾಲೇಜಿನಲ್ಲಿ ಪಾಠ ಮಾಡುವಾಗಲೂ, ಈಗ ಹೈಸ್ಕೂಲ್ ವಿಜ್ಞಾನ ಶಿಕ್ಷಕರ ತರಬೇತಿಗಳಲ್ಲೂ ಇಂಥ ಪೇಪರ್‌ಗಳನ್ನು ರಾಶಿ ರಾಶಿ ನೋಡಿದ್ದೇನೆ. ಬಾಯಲ್ಲಿ ಚೆನ್ನಾಗಿ ಹೇಳುವ ಮಕ್ಕಳು ಬರೆಯುವಾಗ ಜಾರುವ ಜಾಗಗಳು ಹೆಚ್ಚೇನಿಲ್ಲ. ಅಣುಸೂತ್ರ ತಪ್ಪಿರುತ್ತದೆ, ಹಾಗಾಗಿ ಸಮೀಕರಣವೂ ತಪ್ಪಿರುತ್ತದೆ. "ಕಾರಣ ಕೊಡಿ" ಅಂದಲ್ಲಿ ಏನಾಯಿತು ಅಂತ ಬರೆದಿರುತ್ತಾರೆ, ಯಾಕಾಯಿತು ಅಂತ ಬರೆದಿರುವುದಿಲ್ಲ. ಚಿತ್ರ ಇರುತ್ತದೆ, ಭಾಗಗಳ ಹೆಸರು ಇರುವುದಿಲ್ಲ. ನಿಮ್ಮ ಮಗಳ ಪೇಪರೂ ಹೀಗೇ ಇದ್ದರೆ ಕಾಯಿಲೆ ಆಟದ್ದಲ್ಲ. ಆಟ ಮುಗಿದ ಮೇಲೆ ಆಗಬೇಕಾದ ಕೆಲಸ ಆಗುತ್ತಿಲ್ಲ, ಅಷ್ಟೇ.

ನಿಮ್ಮ ಅಂಗಡಿಯ ಸರಕಿನಿಂದಲೇ ಹೇಳುತ್ತೇನೆ. ಮೈಲುತುತ್ತ ಮಾರುತ್ತೀರಲ್ಲ, ಬೋರ್ಡೋ ದ್ರಾವಣಕ್ಕೆ ರೈತರು ತಗೊಂಡು ಹೋಗೋದು, ಅದೇ ಅವಳ ಪುಸ್ತಕದ ಕಾಪರ್ ಸಲ್ಫೇಟ್. ಅದರ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ಮೊಳೆಯ ಮೇಲೆ ಕಂದು ಪದರ ಕೂರುತ್ತದೆ, ನೀಲಿ ಬಣ್ಣ ತೆಳುವಾಗುತ್ತದೆ. ಇದು ಕಣ್ಣಿಗೆ ಕಾಣುವ ಕೆಮಿಸ್ಟ್ರಿ. ಒಳಗೆ ಏನಾಗುತ್ತಿದೆ? ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನ್ ಬಿಟ್ಟುಕೊಟ್ಟು ದ್ರಾವಣಕ್ಕೆ ಇಳಿಯುತ್ತಿವೆ, ತಾಮ್ರದ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ತಾಮ್ರದ ಕಣಗಳು, ಆ ಎಲೆಕ್ಟ್ರಾನ್ ತಗೊಂಡು ತಾಮ್ರವಾಗಿ ಮೊಳೆಗೆ ಅಂಟುತ್ತಿವೆ. ಇದು ಯಾವ ಕಣ್ಣಿಗೂ ಕಾಣುವುದಿಲ್ಲ, ಕಲ್ಪಿಸಿಕೊಳ್ಳಬೇಕು. ಇನ್ನು ಮೂರನೆಯದು ಹಾಳೆಯ ಮೇಲಿನ ಕೆಮಿಸ್ಟ್ರಿ. ಕಬ್ಬಿಣ, ಕಾಪರ್ ಸಲ್ಫೇಟ್, ಬಾಣದ ಗುರುತು, ಐರನ್ ಸಲ್ಫೇಟ್, ತಾಮ್ರ, ಎಲ್ಲ ಸಂಕೇತಗಳಲ್ಲಿ.

ಅಲೆಕ್ಸ್ ಜಾನ್‌ಸ್ಟನ್ ಅಂತ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ಕೆಮಿಸ್ಟ್ರಿ ಪ್ರಾಧ್ಯಾಪಕರು ಇದನ್ನೇ ಒಂದು ತ್ರಿಕೋನವಾಗಿ ಬರೆದು ತೋರಿಸಿದರು. ಕಾಣುವುದು, ಕಾಣದ ಕಣಗಳು, ಸಂಕೇತಗಳು, ಒಂದೊಂದು ಮೂಲೆಗೆ ಒಂದೊಂದು. ವಿಜ್ಞಾನ ಕಲಿಯೋದು ಯಾಕೆ ಕಷ್ಟ ಅಂತ ಅವರು 1991ರಲ್ಲಿ ಬರೆದ ಲೇಖನವನ್ನು ಕೆಮಿಸ್ಟ್ರಿ ಪಾಠ ಮಾಡೋರು ಈಗಲೂ ನೆನೆಯುತ್ತಾರೆ. ಗೊತ್ತಿರೋ ಮೇಷ್ಟ್ರಿಗೆ ಈ ಮೂರರ ನಡುವೆ ಓಡಾಡೋದು ಎಷ್ಟು ಸಲೀಸು ಅಂದರೆ, ತಾನು ಓಡಾಡುತ್ತಿದ್ದೇನೆ ಅನ್ನೋದೇ ಗಮನಕ್ಕೆ ಬರುವುದಿಲ್ಲ, ಒಂದೇ ವಾಕ್ಯದಲ್ಲಿ ಮೂರೂ ಬಂದು ಹೋಗಿರುತ್ತವೆ. ಮಗು ಮಾತ್ರ ಎಲ್ಲೋ ಮಧ್ಯದಲ್ಲಿ ತಪ್ಪಿಸಿಕೊಂಡಿರುತ್ತದೆ.

ಫೋನಿನ ಸಿಮ್ಯುಲೇಶನ್‌ಗಳು, ಅಂದರೆ ನಿಮ್ಮ ಮಗಳು ಆಡುವ ಫೆಟ್‌ನಂಥ ಅನುಕರಣೆಯ ಆಟಗಳು, ಎರಡನೇ ಮೂಲೆಗೆ, ಕಾಣದ್ದಕ್ಕೆ, ಅದ್ಭುತವಾಗಿ ಕಣ್ಣು ಕೊಡುತ್ತವೆ. ಕರಿಹಲಗೆ ಮೇಲೆ ನಾನು ಎಷ್ಟೇ ಚುಕ್ಕೆ ಇಟ್ಟರೂ ಅವು ನಡುಗುವುದಿಲ್ಲ, ಡಿಕ್ಕಿ ಹೊಡೆಯುವುದಿಲ್ಲ. ಅಲ್ಲಿ ಹೊಡೆಯುತ್ತವೆ. ನಿಮ್ಮ ಮಗಳು ಬಿಡಿಸಿ ಹೇಳುತ್ತಾಳಲ್ಲ, ಆ ತಿಳಿವಳಿಕೆ ಸುಳ್ಳಲ್ಲ, ಅದು ನಿಜವಾದ ಗಳಿಕೆ, ಗೈಡ್ ಓದಿದ ಮಕ್ಕಳಲ್ಲಿ ಎಷ್ಟೋ ಸಲ ಅದೇ ಇರುವುದಿಲ್ಲ. ಆದರೆ ಒಂದು ಮೂಲೆಯಿಂದ ಇನ್ನೊಂದಕ್ಕೆ ದಾಟುವ ಕೆಲಸವನ್ನು ಅವಳ ಬದಲು ಫೋನೇ ಮಾಡಿಬಿಡುತ್ತಿದೆ. ಪರೀಕ್ಷೆ ಕೇಳೋದು ಆ ದಾಟುವಿಕೆಯನ್ನೇ.

ಅವಳು ಸ್ಟಾರ್ ತಗೊಳ್ಳುವ ಆ ಸಮೀಕರಣದ ಆಟವನ್ನೇ ನೋಡಿ, ಈಗಲೇ ಪರೀಕ್ಷಿಸಬಹುದು. ಆಟದಲ್ಲಿ ಅಣುಸೂತ್ರಗಳು ರೆಡಿಯಾಗಿ ಬಂದಿರುತ್ತವೆ. ಅವಳ ಕೈಯಲ್ಲಿರೋದು ಸೂತ್ರದ ಮುಂದಿನ ಅಂಕಿ ಮಾತ್ರ. ಬಾಣ ಒತ್ತಿದರೆ ಒಂದು ಜಾಸ್ತಿ, ಕೆಳಗಿನ ಬಾಣ ಒತ್ತಿದರೆ ಒಂದು ಕಡಿಮೆ. ಹೀಗೆ ಮೇಲೆ ಕೆಳಗೆ ಮಾಡುತ್ತಾ ಹೋದರೆ ಎಲ್ಲೋ ಒಂದು ಕಡೆ ಕೂಡಿ ಬಂದು ನಗುವ ಮುಖ ಬರುತ್ತದೆ. ಚುರುಕು ಮಕ್ಕಳು ಯೋಚನೆಯೇ ಇಲ್ಲದೆ ಬೆರಳಿನಲ್ಲೇ ಗೆದ್ದುಬಿಡುತ್ತಾರೆ. ಪರೀಕ್ಷೆಯಲ್ಲಿ ಹಾಗಲ್ಲ. "ಹೈಡ್ರೋಜನ್ ಆಕ್ಸಿಜನ್ ಜೊತೆ ವರ್ತಿಸಿ ನೀರಾಗುತ್ತದೆ, ಸಮೀಕರಣ ಬರೆದು ಸರಿದೂಗಿಸಿ" ಅಂತ ಮಾತಿನಲ್ಲಿ ಕೇಳುತ್ತಾರೆ. ಸೂತ್ರ ಅವಳೇ ಬರೆಯಬೇಕು. ಎಡಗಡೆ ಆಕ್ಸಿಜನ್ ಎರಡು ಇದೆ, ಬಲಗಡೆ ಒಂದೇ ಇದೆ ಅಂತ ಕಂಡ ಕೂಡಲೇ ತುಂಬಾ ಮಕ್ಕಳು ಎಚ್₂ಓ ಅನ್ನೋದರ ಬಾಲಕ್ಕೆ ಒಂದು 2 ಸೇರಿಸಿ ಎಚ್₂ಓ₂ ಮಾಡಿ ಕೈತೊಳೆದುಕೊಳ್ಳುತ್ತಾರೆ. ಲೆಕ್ಕ ಕೂಡಿತು, ಪದಾರ್ಥ ಬದಲಾಯಿತು! ಅದೀಗ ನೀರಲ್ಲ, ಗಾಯದ ಮೇಲೆ ಹಾಕಿದರೆ ಬುಸಬುಸ ನೊರೆ ಬರುತ್ತಲ್ಲ, ಆ ಹೈಡ್ರೋಜನ್ ಪೆರಾಕ್ಸೈಡ್. ಹೈಸ್ಕೂಲ್ ಕೆಮಿಸ್ಟ್ರಿಯಲ್ಲಿ ತೀರಾ ಸಾಮಾನ್ಯವಾದ ತಪ್ಪು ಇದು. ಆಟದಲ್ಲಿ ಈ ತಪ್ಪು ಮಾಡೋಕೆ ಅವಕಾಶವೇ ಇಲ್ಲ, ಸೂತ್ರದ ಒಳಗಿನ ಅಂಕಿಯನ್ನು ಅದು ಮುಟ್ಟಗೊಡುವುದಿಲ್ಲ. ಅದನ್ನು ಮಾಡಿದವರು ಕೆಟ್ಟದ್ದಕ್ಕೆ ಹಾಗೆ ಮಾಡಿಲ್ಲ, ಒಂದು ಸಲಕ್ಕೆ ಒಂದನ್ನು ಕಲಿಸೋಣ ಅಂತ ಮಾಡಿದ್ದಾರೆ. ಆದರೆ ಮಾಡಲಾಗದ ತಪ್ಪನ್ನು ತಿದ್ದಿಕೊಳ್ಳೋಕೂ ಆಗುವುದಿಲ್ಲ ಅಲ್ವಾ?

ಇದಕ್ಕೆ ಮದ್ದು ಸುಲಭ, ಸ್ವಲ್ಪ ಬೇಜಾರಿನದು. ಮೊದಲು ನೋಟ್‌ಬುಕ್ಕಿನಲ್ಲಿ ಪದಗಳಲ್ಲಿ ಕ್ರಿಯೆ ಬರೆಯಲಿ. ಕೆಳಗೆ ವೇಲೆನ್ಸಿ, ಅಂದರೆ ಒಂದು ಪರಮಾಣು ಎಷ್ಟು ಬಂಧ ಮಾಡಬಲ್ಲದು ಅನ್ನೋ ಅಂಕಿ, ನೋಡಿ ಸೂತ್ರ ಬರೆಯಲಿ. ಸೂತ್ರಗಳಿಗೆ ಒಂದು ಪೆಟ್ಟಿಗೆ ಗೆರೆ ಹಾಕಲಿ, ಪೆಟ್ಟಿಗೆಯೊಳಗೆ ಇನ್ನು ಕೈ ಹಾಕುವಂತಿಲ್ಲ. ಆಮೇಲೆ ಮುಂದಿನ ಅಂಕಿ ಹಾಕಿ ಸರಿದೂಗಿಸಲಿ. ಫೋನ್ ತೆಗೆಯೋದು ಇಷ್ಟಾದ ಮೇಲೆ, ಉತ್ತರ ಸರಿಯಾ ಅಂತ ನೋಡೋಕೆ. ಪುಸ್ತಕದಲ್ಲಿರೋ ಅಲ್ಯೂಮಿನಿಯಂ ಪುಡಿ ಮತ್ತು ಫೆರಿಕ್ ಆಕ್ಸೈಡ್ ಕ್ರಿಯೆ, ರೈಲು ಹಳಿ ಬೆಸೆಯೋಕೆ ಬಳಸ್ತಾರಲ್ಲ, ಅದನ್ನು ಪುಸ್ತಕ ಮುಚ್ಚಿ ಬರೆಯೋಕೆ ಹೇಳಿ ನೋಡಿ. ಎರಡೂ ಆಕ್ಸೈಡುಗಳ ಸೂತ್ರ ತಾನಾಗಿ ಸರಿ ಬಂದರೆ ಅವಳ ಅಡಿಪಾಯ ಗಟ್ಟಿ ಇದೆ. ಬರದಿದ್ದರೆ ಒಂಬತ್ತನೇ ತರಗತಿಯ ಪರಮಾಣು ಮತ್ತು ಅಣುಗಳ ಪಾಠಕ್ಕೆ ವಾಪಸ್ ಹೋಗಬೇಕು, ಅದರಲ್ಲಿ ನಾಚಿಕೆ ಏನೂ ಇಲ್ಲ. ಹತ್ತನೇ ತರಗತಿಯ ಕೆಮಿಸ್ಟ್ರಿಯಲ್ಲಿ ಎಡವುವ ಮಕ್ಕಳಲ್ಲಿ ಬಹಳ ಜನರ ಕಾಲಿಗೆ ಸಿಕ್ಕಿರೋದು ಒಂಬತ್ತರ ವೇಲೆನ್ಸಿಯೇ.

ಈಗ ನಿಮ್ಮ ಟ್ಯೂಷನ್ ಮೇಷ್ಟ್ರ ಮಾತು. ಅರ್ಧ ಸರಿ. ನೋಡಿದ ಕೂಡಲೇ "ಗೊತ್ತಾಯ್ತು" ಅನ್ನಿಸುತ್ತಲ್ಲ, ಆ ಅನಿಸಿಕೆಯನ್ನು ನಂಬೋ ಹಾಗಿಲ್ಲ. ಬೈಕಿನ ಹಿಂದೆ ಕೂತು ಹತ್ತು ಸಲ ಹೋದ ದಾರಿ ಗೊತ್ತಿದೆ ಅನ್ನಿಸಿರುತ್ತದೆ, ಹ್ಯಾಂಡಲ್ ಕೈಗೆ ಬಂದಾಗಲೇ ಎಡಕ್ಕಾ ಬಲಕ್ಕಾ ಅಂತ ತಬ್ಬಿಬ್ಬು. ಇದಕ್ಕೆ ಒಳ್ಳೆ ಪುರಾವೆ ಇದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಅನ್ನೋ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪಿನ ವಿದ್ಯಾರ್ಥಿಗಳು ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದರು, ಇನ್ನೊಂದು ಗುಂಪು ಓದಿ, ಪಾಠ ಮುಚ್ಚಿಟ್ಟು, ನೆನಪಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದೆ. ವಾರ ಕಳೆದು ಕೇಳಿದಾಗ ನೆನಪಿಂದ ಬರೆದವರು ಮುಂದೆ. ಚೆನ್ನಾಗಿ ನೆನಪಿರುತ್ತೆ ಅನ್ನೋ ಧೈರ್ಯ ಮಾತ್ರ ಓದಿದವರಿಗೇ ಜಾಸ್ತಿ ಇತ್ತು. ಮಗಳು ರಾತ್ರಿ ಊಟಕ್ಕೆ ಕೂತಾಗ ಚೆಂದಾಗಿ ಹೇಳಿ ಮುಂದಿನ ವಾರದ ಟೆಸ್ಟಿನಲ್ಲಿ ಜಾರೋದು ಹೀಗೇ.

ಆದರೆ ಮೇಷ್ಟ್ರು ಹೇಳಿದ ಪರಿಹಾರ, ಗೈಡ್, ಅದನ್ನು ನಾನು ಒಪ್ಪುವುದಿಲ್ಲ. ಗೈಡನ್ನು ಮತ್ತೆ ಮತ್ತೆ ಓದೋದೂ ಆ ಮೊದಲ ಗುಂಪಿನ ಕೆಲಸವೇ. ಗೈಡ್ ಬಾಯಿಪಾಠ ಮಾಡಿದರೆ ಮುಂದಿನ ಟೆಸ್ಟಿನಲ್ಲಿ ಅಂಕ ಸ್ವಲ್ಪ ಏರಬಹುದು, ನಿಜ. ಪಿಯುಸಿಗೆ ಹೋದ ಮೇಲೆ ಅದು ಕೈ ಬಿಡುತ್ತದೆ.

ಇನ್ನು ನಿಮ್ಮ ಭಾವಮೈದ ಹೇಳಿದ "ನೋಡಿ ಕಲಿಯೋ ಹುಡುಗಿ" ಅನ್ನೋದು. ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಅವರವರ ರೀತಿಗೆ ತಕ್ಕ ಪಾಠ ಕೊಟ್ಟರೆ ಚೆನ್ನಾಗಿ ಕಲಿಯುತ್ತಾರೆ ಅನ್ನೋ ಮಾತು ಎಲ್ಲಾ ಕಡೆ ಓಡಾಡುತ್ತದೆ, ಶಿಕ್ಷಕರೂ ನಂಬಿದ್ದಾರೆ. ಇದನ್ನು ಸಂಶೋಧಕರು ಕೂತು ಜಾಲಾಡಿದ್ದಾರೆ, 2008ರಲ್ಲಿ ಬಂದ ಒಂದು ದೊಡ್ಡ ವಿಮರ್ಶೆಯಲ್ಲಿ ಇದಕ್ಕೆ ತಕ್ಕ ಆಧಾರ ಸಿಗಲಿಲ್ಲ. ಅಣುವಿನ ಆಕಾರವನ್ನು ಯಾರೇ ಆಗಲಿ ನೋಡಿಯೇ ಕಲಿಯಬೇಕು. ಸಮೀಕರಣವನ್ನು ಯಾರೇ ಆಗಲಿ ಬರೆದೇ ಕಲಿಯಬೇಕು. ವಿಷಯ ಕೇಳುವ ರೀತಿ ಅದು, ಹುಡುಗಿಯ ಜಾತಕ ಅಲ್ಲ. ಆ್ಯಪ್ ಮಾರುವವರಿಗೆ ಮಾತ್ರ ಈ ಮಾತು ಬಹಳ ಪ್ರೀತಿ.

ಚಿತ್ರಗಳಿಂದ ಒಂದು ಅಪಾಯವೂ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಪರಮಾಣು ಜೋಡಿಸುವ ಆಟದಲ್ಲಿ ಪ್ರೋಟಾನ್, ನ್ಯೂಟ್ರಾನ್‌ಗಳು ನಡುವೆ ದಪ್ಪ ಗೋಲಿಗಳ ಹಾಗೆ ಕಾಣುತ್ತವೆ, ಸುತ್ತ ಸ್ವಲ್ಪ ದೂರದಲ್ಲಿ ಎಲೆಕ್ಟ್ರಾನ್‌ಗಳ ವರ್ತುಲ. ನಿಜದಲ್ಲಿ ಪರಮಾಣುವಿನ ಅಗಲ ನ್ಯೂಕ್ಲಿಯಸ್ಸಿನ (ನಡುವಿನ ಆ ಗೋಲಿಗಳ ಗುಂಪಿನ) ಅಗಲಕ್ಕಿಂತ ಸುಮಾರು ಒಂದು ಲಕ್ಷ ಪಟ್ಟು ದೊಡ್ಡದು. ಫೋನಿನ ಮೇಲೆ ನ್ಯೂಕ್ಲಿಯಸ್ 1 ಸೆಂಟಿಮೀಟರ್ ಕಂಡರೆ ಪರಮಾಣು ಸುಮಾರು 1 ಕಿಲೋಮೀಟರ್ ಅಗಲ ಇರಬೇಕು, ನಿಮ್ಮ ಊರೇ ಅದರೊಳಗೆ ಬಂದುಬಿಡುತ್ತದೆ. ಎಲೆಕ್ಟ್ರಾನ್ ಹಳಿಯ ಮೇಲೆ ಓಡುವ ರೈಲೂ ಅಲ್ಲ, ಅದಕ್ಕೇ ಅದೇ ಆಟದಲ್ಲಿ ವರ್ತುಲದ ಬದಲು ಮೋಡದ ಹಾಗೆ ತೋರಿಸುವ ಆಯ್ಕೆಯನ್ನೂ ಇಟ್ಟಿದ್ದಾರೆ, ಮಕ್ಕಳು ಅದನ್ನು ಒತ್ತೋದೇ ಕಡಿಮೆ. ಆಕ್ಸಿಜನ್ ಪರಮಾಣು ಕೆಂಪಗಿರುತ್ತದೆ ಅಂತ ಉತ್ತರ ಬರೆದ ಮಕ್ಕಳನ್ನು ನಾನು ಕಂಡಿದ್ದೇನೆ, ಮಾದರಿಗಳಲ್ಲಿ ಗುರುತಿಗೆ ಕೊಟ್ಟ ಬಣ್ಣವನ್ನು ಅವರು ನಿಜ ಅಂದುಕೊಂಡಿದ್ದರು. ಅದಕ್ಕೆ ಯಾವ ಸಿಮ್ಯುಲೇಶನ್ ಮುಗಿದ ಮೇಲೂ ಅವಳಿಗೆ ಒಂದು ಪ್ರಶ್ನೆ ಕೇಳಿ: "ಇದರಲ್ಲಿ ನಿಜಕ್ಕೂ ಹೀಗೆ ಇಲ್ಲದ್ದು ಏನೇನಿದೆ?" ಉತ್ತರ ನಿಮಗೆ ಗೊತ್ತಿರಬೇಕಾಗಿಲ್ಲ, ಅವಳು ತಡವರಿಸಿದರೆ ನಿಮಗೇ ತಿಳಿಯುತ್ತದೆ.

ಚಹಾ ಇಟ್ಟಾಗ ಕೇಳೋಕೆ ಇನ್ನೊಂದು ಪ್ರಶ್ನೆ ಕೊಡುತ್ತೇನೆ. ಕುದಿಯುವ ನೀರಿನ ಗುಳ್ಳೆಯೊಳಗೆ ಏನಿದೆ? ಗಾಳಿ ಅಂತಾರೆ, ಹೈಡ್ರೋಜನ್ನು ಆಕ್ಸಿಜನ್ನು ಅಂತಾರೆ, ಡಿಗ್ರಿ ಓದಿದವರೂ ಅಂತಾರೆ. ಅದು ಬರೀ ನೀರಿನ ಆವಿ, ಅಣುಗಳು ಒಡೆದಿರುವುದಿಲ್ಲ, ದೂರ ದೂರ ಆಗಿರುತ್ತವೆ ಅಷ್ಟೇ. ಬಾಯಲ್ಲಿ ಹೇಳಿಸಬೇಡಿ, ಗುಳ್ಳೆಯೊಳಗಿನ ಅಣುಗಳನ್ನು ಬರೆದು ತೋರಿಸು ಅನ್ನಿ. ಆಮೇಲೆ ಫೆಟ್‌ನ ದ್ರವ್ಯದ ಸ್ಥಿತಿಗಳ ಸಿಮ್ಯುಲೇಶನ್ ತೆಗೆದು, ನೀರನ್ನು ಆರಿಸಿ, ಬಿಸಿ ಮಾಡಿ, ತಾನು ಬರೆದದ್ದರ ಜೊತೆ ಹೋಲಿಸಿ ನೋಡಲಿ.

ನಾನು ಹೇಳಬೇಕಾದ್ದು ಮುಖ್ಯವಾಗಿ ಇದೇ, ಮೊದಲು ಊಹೆಯನ್ನು ಹಾಳೆ ಮೇಲೆ ಹಾಕಿ, ಆಮೇಲೆ ಫೋನ್ ಮುಟ್ಟಬೇಕು. ಪಿಎಚ್ ಸ್ಕೇಲ್ ಅನ್ನೋ ಸಿಮ್ಯುಲೇಶನ್ ಇದಕ್ಕೆ ಹೇಳಿ ಮಾಡಿಸಿದ್ದು. ಪಿಎಚ್ ಅಂದರೆ ದ್ರಾವಣ ಆಮ್ಲವೋ (ಹುಳಿ) ಪ್ರತ್ಯಾಮ್ಲವೋ (ಕ್ಷಾರ) ಅಂತ ಹೇಳುವ ಅಂಕಿ, ಶುದ್ಧ ನೀರಿಗೆ 7, ಅದಕ್ಕಿಂತ ಕಡಿಮೆ ಆದರೆ ಆಮ್ಲ. ಅದರಲ್ಲಿ ಕಾಫಿ, ಹಾಲು, ಕಿತ್ತಳೆ ರಸ, ರಕ್ತ, ಬ್ಯಾಟರಿ ಆಸಿಡ್ ಎಲ್ಲ ಇವೆ, ವಾಂತಿಯೂ ಇದೆ, ಮಕ್ಕಳು ಮೊದಲು ಒತ್ತೋದು ಅದನ್ನೇ. ಸುಮ್ನೆ ಆಡಿದರೆ ಐದು ನಿಮಿಷದಲ್ಲಿ ಎಲ್ಲ ಮುಗಿದು ಬೇಜಾರಾಗುತ್ತದೆ. ಅದರ ಬದಲು ಹೀಗೆ ಕೇಳಬೇಕು: ಕಾಫಿಯ ಪಿಎಚ್ ಅಲ್ಲಿ 5. ನೀರು ಸುರಿಯುತ್ತಾ ಹೋದರೆ ಏನಾಗುತ್ತದೆ? ಜಾಸ್ತಿ ಸುರಿದರೆ 7 ದಾಟಿ 8 ಆಗುತ್ತದಾ? ಗ್ರಾಫ್ ಎಳೆದು, ಕಾರಣ ಒಂದು ಸಾಲು ಬರೆದು, ಆಮೇಲೆ ನಲ್ಲಿ ತಿರುಗಿಸಲಿ. 7ರ ಹತ್ತಿರ ಹತ್ತಿರ ಹೋಗುತ್ತದೆ, ದಾಟುವುದಿಲ್ಲ. ತಪ್ಪು ಊಹಿಸಿದ್ದರೆ ಇನ್ನೂ ಒಳ್ಳೆಯದು, ಅದು ಮರೆಯುವುದಿಲ್ಲ.

ಇದೇ ಪಾಠವನ್ನು ಅಡುಗೆಮನೆಗೂ ತರಬಹುದು. ಕೆಂಪಾರತಿಗೆ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತಲ್ಲ, ಅದು ಪ್ರತ್ಯಾಮ್ಲಕ್ಕೆ ಅರಿಶಿನ ಬಣ್ಣ ಬದಲಿಸುವ ಪಾಠ. ಆ ಕೆಂಪು ನೀರಿಗೆ ನಿಂಬೆರಸ ಹಿಂಡಿದರೆ ಏನಾಗುತ್ತದೆ ಅಂತ ಮೊದಲು ಬರೆಯಲಿ, ಆಮೇಲೆ ಹಿಂಡಲಿ. ಕೆಂಪು ದಾಸವಾಳದ ಎಸಳು ನೆನೆಸಿದ ನೀರು ಹುಳಿಗೆ ಗಾಢ ಗುಲಾಬಿ, ಸೋಪಿನ ನೀರಿಗೆ ಹಸಿರು.

ಲ್ಯಾಬಿನ ಪ್ರಶ್ನೆಗೆ ಬರ್ತೀನಿ. ಆನ್‌ಲೈನ್ ಲ್ಯಾಬ್‌ಗಳಲ್ಲಿ ನಮ್ಮ ಪಠ್ಯಕ್ಕೆ ಹತ್ತಿರವಾದದ್ದು ಓಲ್ಯಾಬ್ಸ್. ಅಮೃತ ವಿಶ್ವವಿದ್ಯಾಪೀಠ ಮತ್ತು ಮುಂಬೈನ ಸಿ-ಡ್ಯಾಕ್ ಸೇರಿ, ಕೇಂದ್ರ ಸರ್ಕಾರದ ನೆರವಿನಲ್ಲಿ 9ರಿಂದ 12ನೇ ತರಗತಿಯವರಿಗಾಗಿ ಮಾಡಿದ್ದು. ಪ್ರಯೋಗದ ಹೆಜ್ಜೆಗಳು, ಯಾವ ಉಪಕರಣ ಯಾಕೆ, ಏನನ್ನು ಬರೆದಿಟ್ಟುಕೊಳ್ಳಬೇಕು, ಇವುಗಳಿಗೆ ಅದು ಚೆನ್ನಾಗಿದೆ. ಲ್ಯಾಬಿಗೆ ಹೋಗುವ ಹಿಂದಿನ ದಿನ ಅದನ್ನು ಮಾಡಿಕೊಂಡು ಬಂದ ಮಕ್ಕಳು ಲ್ಯಾಬಿನಲ್ಲಿ ಗೊಂದಲ ಪಡೋದು ಕಡಿಮೆ, ಇದು ನನ್ನ ಅನುಭವ. ಆದರೆ ಅದು ಲ್ಯಾಬಿನ ಬದಲಿ ಅಲ್ಲ. ಅಲ್ಲಿ ಪ್ರಯೋಗ ಯಾವಾಗಲೂ ಸರಿ ಬರುತ್ತದೆ. ಪರೀಕ್ಷಾ ನಳಿಕೆ ಕೊಳೆ ಇರುವುದಿಲ್ಲ, ವಾಸನೆ ಇಲ್ಲ, ಕೈಗೆ ಬಿಸಿ ತಾಗುವುದಿಲ್ಲ, ಒಂದು ಹನಿ ಜಾಸ್ತಿ ಬಿದ್ದು ಬಣ್ಣ ಹಾಳಾಗುವುದಿಲ್ಲ. ಪಿಯುಸಿಗೆ ಬರುವ ಹೊಸ ಮಕ್ಕಳಲ್ಲಿ ಬ್ಯುರೆಟ್ಟಿನ (ದ್ರಾವಣವನ್ನು ಅಳೆದು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ) ತಿರುಪನ್ನು ಒಂದೊಂದೇ ಹನಿ ಬೀಳುವ ಹಾಗೆ ತಿರುಗಿಸೋಕೆ ಬಾರದೆ ಪ್ರತಿ ಸಲ ಬಣ್ಣ ಗಾಢ ಮಾಡಿಕೊಂಡು ಕಣ್ಣೀರು ಹಾಕಿದವರು ಎಷ್ಟೋ ಜನ. ದ್ವಿತೀಯ ಪಿಯುಸಿಯಲ್ಲಿ ಕೆಮಿಸ್ಟ್ರಿ ಪ್ರಾಕ್ಟಿಕಲ್‌ಗೇ 30 ಅಂಕ ಇದೆ. ಕೈಗೆ ಬೇಕಾದ ಅಭ್ಯಾಸ ಕೈಯಿಂದಲೇ ಬರಬೇಕು.

ಹಾಗಾದರೆ ಬೀಗ ಹಾಕಿದ ಬೀರು? ದೂರು ಕೊಡೋಕೆ ಹೋಗಬೇಡಿ, ಕೆಲಸ ಕೆಡುತ್ತದೆ. ಶಾಲೆಗೆ ಹೋಗಿ ವಿಜ್ಞಾನದ ಶಿಕ್ಷಕರನ್ನು ಒಬ್ಬರನ್ನೇ ನೋಡಿ, ಬೀಗ ಯಾಕೆ ತೆಗೆಯುತ್ತಿಲ್ಲ ಅಂತ ಮೆಲ್ಲಗೆ ಕೇಳಿ. ಸಾಮಾನ್ಯವಾಗಿ ಸೋಮಾರಿತನ ಕಾರಣ ಆಗಿರುವುದಿಲ್ಲ. ಆಸಿಡ್ ಖಾಲಿ ಆಗಿರುತ್ತದೆ, ಇದ್ದ ಬಾಟಲಿಗೆ ಲೇಬಲ್ ಹೋಗಿರುತ್ತದೆ, ದೊಡ್ಡ ತರಗತಿಗೆ ಒಬ್ಬರೇ ಮೇಷ್ಟ್ರು, ಗಾಜು ಒಡೆದರೆ ಯಾರು ಹೊಣೆ ಅನ್ನೋ ಭಯ. ನಿಮ್ಮಂಥ ಇಬ್ಬರು ಮೂವರು ಪೋಷಕರು ಸೇರಿ ಶಾಲಾಭಿವೃದ್ಧಿ ಸಮಿತಿ ಸಭೆಯಲ್ಲಿ "ತಿಂಗಳಿಗೆ ಒಂದು ಪ್ರಯೋಗ, ಸಾಮಾನು ನಾವು ತಂದುಕೊಡುತ್ತೇವೆ" ಅಂದರೆ ಬಹಳಷ್ಟು ಕಡೆ ಬೀಗ ತೆಗೆಯುತ್ತಾರೆ. ಮೈಲುತುತ್ತ ನಿಮ್ಮ ಅಂಗಡಿಯಲ್ಲೇ ಇದೆ, ಮೊಳೆ ಪಕ್ಕದ ಅಂಗಡಿಯಲ್ಲಿ. ಆ ಪ್ರಯೋಗದಿಂದ ಶುರು ಮಾಡಲಿ, ಹತ್ತನೇ ತರಗತಿ ಪುಸ್ತಕದ ಮೊದಲ ಪಾಠದಲ್ಲೇ ಇದೆ.

ಮನೆಯಲ್ಲಿ ಮಾಡೋದಾದರೆ ಕೆಲವು ಎಚ್ಚರಿಕೆ, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಮೈಲುತುತ್ತ ವಿಷ. ಅಡುಗೆ ಪಾತ್ರೆ ಬೇಡ, ಹಳೆಯ ಗಾಜಿನ ಲೋಟ ಇಟ್ಟುಕೊಂಡು ಆಮೇಲೆ ಅದನ್ನು ಬಳಸಬೇಡಿ. ಚಿಟಿಕೆ ಸಾಕು. ಕೈ ತೊಳೆಯಬೇಕು, ಉಳಿದ ನೀರನ್ನು ಕೆರೆಗೆ, ದನ ಕುಡಿಯುವ ತೊಟ್ಟಿಯ ಕಡೆಗೆ ಚೆಲ್ಲಬಾರದು, ಮೀನಿಗೆ ಅದು ಮಾರಕ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಕುದಿಯೋದು ತೋರಿಸೋದು ಪುಸ್ತಕದಲ್ಲಿದೆ, ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಟಾಯ್ಲೆಟ್ ತೊಳೆಯೋ ಆಸಿಡ್ಡನ್ನು ಬ್ಲೀಚಿಂಗ್ ಪೌಡರ್ ಜೊತೆ ಯಾವ ಕಾರಣಕ್ಕೂ ಸೇರಿಸಬಾರದು, ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಅಪಾಯ. ನಿಮ್ಮ ಅಂಗಡಿಯ ಕೀಟನಾಶಕಗಳು ಪ್ರಯೋಗದ ವಸ್ತುಗಳೇ ಅಲ್ಲ. ಯಾವುದೋ ವಿಡಿಯೋ ನೋಡಿ ಮಾಡ್ತೀನಿ ಅಂದರೆ, ಮೊದಲು ಮೇಷ್ಟ್ರನ್ನು ಕೇಳಲಿ. ಫೋನಿನಲ್ಲೇ ಮಾಡಿ ನೋಡಬೇಕಾದ ಪ್ರಯೋಗಗಳು ಇವೆ, ಅಂಥವಕ್ಕೇ ಆನ್‌ಲೈನ್ ಲ್ಯಾಬ್ ಇರೋದು.

ದುಡ್ಡಿನ ಆ್ಯಪ್ ವಿಷಯ. ಹತ್ತನೇ ತರಗತಿ ಕೆಮಿಸ್ಟ್ರಿಗೆ ದುಡ್ಡು ಕೊಟ್ಟೇ ಕೊಳ್ಳಬೇಕಾದ್ದು ಅಂತ ನನಗೆ ಯಾವುದೂ ಕಂಡಿಲ್ಲ. ಫೆಟ್ ಉಚಿತ. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು, ಕನ್ನಡಕ್ಕೆ ಅನುವಾದವಾದವೂ ಇವೆ, ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದೆಯೂ ಓಡುತ್ತವೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾದಲ್ಲಿ ಆ ಪಾಠದ ವಿಡಿಯೋ, ಅಭ್ಯಾಸ ಸಿಗುತ್ತವೆ, ಗುಣಮಟ್ಟ ಒಂದೇ ಸಮ ಇಲ್ಲ, ಕೆಲವು ನಿದ್ದೆ ಬರಿಸುತ್ತವೆ, ಕೆಲವು ತುಂಬಾ ಚೆನ್ನಾಗಿವೆ. ದುಡ್ಡಿನ ಆ್ಯಪ್‌ಗಳಲ್ಲಿ ಪಾಠ ಅಚ್ಚುಕಟ್ಟಾಗಿ ಒಂದೇ ಕಡೆ ಇರುತ್ತದೆ, ಅದು ಅನುಕೂಲವೇ, ಸುಳ್ಳು ಹೇಳಲಾರೆ. ಆದರೆ ನಿಮ್ಮ ಮಗಳಿಗೆ ಕೊರತೆ ಇರೋದು ಪಾಠದ್ದಲ್ಲ. ಅವಳು ಬರೆದ ಸಮೀಕರಣವನ್ನು ನೋಡಿ "ಇಲ್ಲಿ ವೇಲೆನ್ಸಿ ತಪ್ಪಿದೆ" ಅಂತ ಹೇಳುವವರು ಬೇಕು. ಆ್ಯಪ್‌ನವರು ಮುಂದಿನ ಸಲ ಫೋನ್ ಮಾಡಿದಾಗ ಒಂದೇ ಪ್ರಶ್ನೆ ಕೇಳಿ: "ಮಗಳು ಕೈಯಲ್ಲಿ ಬರೆದ ಉತ್ತರವನ್ನು ಒಬ್ಬ ಶಿಕ್ಷಕರು ವಾರಕ್ಕೆ ಎಷ್ಟು ಸಲ ತಿದ್ದಿ ಕೊಡುತ್ತಾರೆ?" ಉತ್ತರ ಸುತ್ತಿಬಳಸಿ ಬಂದರೆ ಅಲ್ಲಿಗೆ ಬಿಡಿ. ಕಂತು ಅಂದರೆ ಎಷ್ಟೋ ಸಲ ನಿಮ್ಮ ಹೆಸರಿನಲ್ಲಿ ಸಾಲ, ಮಗಳು ಆ್ಯಪ್ ಬಳಸೋದು ಬಿಟ್ಟರೂ ಬ್ಯಾಂಕಿನಿಂದ ಹಣ ಹೋಗುತ್ತಲೇ ಇರುತ್ತದೆ. ಒಟಿಪಿ ಹೇಳುವ ಮುಂಚೆ ಕಾಗದ ಓದಿ. ಅದೇ ದುಡ್ಡಿನಲ್ಲಿ ಕೆಮಿಸ್ಟ್ರಿ ಓದಿದ ಊರಿನ ಡಿಗ್ರಿ ಹುಡುಗಿ ಒಬ್ಬಳು ವಾರಕ್ಕೆ ಎರಡು ದಿನ ನೋಟ್‌ಬುಕ್ ತಿದ್ದಿ ಕೊಟ್ಟರೆ ನೂರು ಪಾಲು ಮೇಲು. ನಿಮ್ಮ ಟ್ಯೂಷನ್ ಮೇಷ್ಟ್ರೇ ಅದನ್ನು ಮಾಡಲಿ, ಗೈಡ್ ಬದಲು.

ಎಐ ಚಾಟ್‌ಗಳನ್ನು ಕೇಳುವ ಮಕ್ಕಳು ಈಗ ಜಾಸ್ತಿ. ವಿವರಣೆಗೆ ಪರವಾಗಿಲ್ಲ, ಆದರೆ ಲೆಕ್ಕ ಮತ್ತು ಸೂತ್ರಗಳಲ್ಲಿ ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತವೆ. ಪುಸ್ತಕದ ಜೊತೆ ಹೋಲಿಸದೆ ನೋಟ್‌ಬುಕ್ಕಿಗೆ ಇಳಿಸಬಾರದು.

ನೀವೇನು ಮಾಡಬಹುದು ಅಂದಿರಿ. ದಿನಕ್ಕೆ ಅರ್ಧ ಗಂಟೆ ಸಿಮ್ಯುಲೇಶನ್ ಅಂದರೆ, ಮೊದಲ ಹತ್ತು ನಿಮಿಷ ಊಹೆ ಬರೆಯೋದು, ಮಧ್ಯೆ ಹತ್ತು ನಿಮಿಷ ಆಟ, ಕೊನೆಗೆ ಫೋನ್ ನಿಮ್ಮ ಕೈಗೆ ಕೊಟ್ಟು ನೆನಪಿಂದ ಚಿತ್ರ, ಸಮೀಕರಣ, ಒಂದು "ಯಾಕೆಂದರೆ" ವಾಕ್ಯ ಬರೆಯೋದು. ಆ ಕೊನೆಯ ಹತ್ತು ನಿಮಿಷ ಫೋನ್ ನಿಮ್ಮ ಜೇಬಿನಲ್ಲಿರಲಿ, ನಿಮ್ಮ ಕೆಲಸ ಅಷ್ಟೇ. ನಾಲ್ಕು ದಿನ ಬಿಟ್ಟು ಅದೇ ಪುಟವನ್ನು ನೋಡದೆ ಇನ್ನೊಮ್ಮೆ ಬರೆಯಲಿ. ಮೊದಮೊದಲು ಮುಖ ಸಿಂಡರಿಸುತ್ತಾಳೆ, ಆಟದ ಮಜಾ ಹೋಯಿತು ಅಂತಾಳೆ. ಒಂದೆರಡು ತಿಂಗಳು ನೋಡಿ. ಆಗಲೂ ಟೆಸ್ಟಿನ ಅಂಕ ಅಲುಗಾಡದಿದ್ದರೆ ತೊಂದರೆ ಕೆಮಿಸ್ಟ್ರಿಯದ್ದಲ್ಲದೆಯೂ ಇರಬಹುದು, ಬರೆಯುವ ವೇಗ, ಪ್ರಶ್ನೆ ಓದಿಕೊಳ್ಳುವ ಅಭ್ಯಾಸ, ಕಣ್ಣು ಕೂಡ.

ಪಿಯುಸಿಗೆ ಹೋಗೋದಾದರೆ ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ಅದೇ ಸಿಮ್ಯುಲೇಶನ್‌ಗಳನ್ನು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಆಡಲಿ. ವಿಷಯ ಗೊತ್ತಿರುವುದರಿಂದ ಹೊಸ ಪದಗಳು ಮಾತ್ರ ಹೊಸದಾಗಿರುತ್ತವೆ. ಪ್ರಥಮ ಪಿಯುಸಿಯ ಮೊದಲ ಪಾಠದಲ್ಲೇ ಮೋಲ್ ಬರುತ್ತದೆ, 6.022 × 10²³ ಕಣಗಳ ಗುಂಪು, ಕನ್ನಡ ಮಾಧ್ಯಮದಿಂದ ಹೋದ ಮಕ್ಕಳು ಮೊದಲು ಹೆದರೋದು ಅಲ್ಲೇ. ಅದಕ್ಕೆ ತಯಾರಿ ನಿಮ್ಮ ಅಂಗಡಿಯಲ್ಲೇ ಆಗಬಹುದು. ಯೂರಿಯಾ ಚೀಲದ ಮೇಲೆ ನೈಟ್ರೋಜನ್ 46% ಅಂತ ಬರೆದಿರುತ್ತದೆ. ಎಲ್ಲಿಂದ ಬಂತು ಅದು? ಯೂರಿಯಾದ ಒಂದು ಅಣುವಿನಲ್ಲಿ ಕಾರ್ಬನ್ ಒಂದು, ಆಕ್ಸಿಜನ್ ಒಂದು, ನೈಟ್ರೋಜನ್ ಎರಡು, ಹೈಡ್ರೋಜನ್ ನಾಲ್ಕು. ಅವುಗಳ ಪರಮಾಣು ತೂಕ ಕ್ರಮವಾಗಿ 12, 16, 28, 4, ಒಟ್ಟು 60. ಅದರಲ್ಲಿ ನೈಟ್ರೋಜನ್ 28, ಅಂದರೆ 46.67%. 45 ಕೆಜಿ ಚೀಲಕ್ಕೆ ಚೀಲದ ಲೆಕ್ಕದಲ್ಲೇ 20.7 ಕೆಜಿ ನೈಟ್ರೋಜನ್. ಇದನ್ನು ಅವಳೇ ಮಾಡಿದ ಮೇಲೆ ಡಿಎಪಿ ಚೀಲ ತೋರಿಸಿ. ಶುದ್ಧ ಡೈಅಮೋನಿಯಂ ಫಾಸ್ಫೇಟಿನ ಲೆಕ್ಕ ಹಾಕಿದರೆ ನೈಟ್ರೋಜನ್ 21% ಬರುತ್ತದೆ, ಚೀಲದ ಮೇಲೆ 18 ಅಂತ ಇದೆ. ಕಂಪನಿಯವರು ಮೋಸ ಮಾಡಿಲ್ಲ, ಅಂಗಡಿಗೆ ಬರೋದು ಶುದ್ಧ ರಾಸಾಯನಿಕ ಅಲ್ಲ. ಪಕ್ಕದಲ್ಲಿರೋ 46 ಕೂಡ ಫಾಸ್ಫರಸ್ಸಿನ ಪ್ರಮಾಣ ಅಲ್ಲ, ಅದನ್ನು ಆಕ್ಸೈಡ್ ರೂಪದಲ್ಲಿ ಲೆಕ್ಕ ಹಾಕಿ ಬರೆಯೋ ರೂಢಿ. ಅಷ್ಟು ಸುಳಿವು ಕೊಟ್ಟು, ನಿಜವಾದ ಫಾಸ್ಫರಸ್ ಎಷ್ಟು ಅಂತ ಅವಳನ್ನೇ ಕೇಳಿ. ಸುಮಾರು 20% ಬಂದರೆ ಸರಿ.